ತಂಗಿಗೂ ಭಾವನವರಿಗೂ, ಹುಡುಗನ ಫುಟ್‌ಬಾಲ್ ಸೇರ್ಪಡೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ತಂಗಿ, ಹುಡುಗ ಈ ವರ್ಷ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡ ಸೇರಲು ಹಟ ಹಿಡಿದಿದ್ದಾನೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲೋ ಬೇಡವೋ ಎಂದು ನೀನು ಗುಂಪಿನಲ್ಲಿ ಕೇಳಿದ್ದನ್ನೂ, ಈಗಿನ ಹೆಲ್ಮೆಟ್‌ಗಳು ಬಹಳ ಸುಧಾರಿಸಿವೆ, ಅಷ್ಟೊಂದು ಹೆದರಬೇಕಾಗಿಲ್ಲ ಎಂದು ಭಾವನವರು ಉತ್ತರಿಸಿದ್ದನ್ನೂ ನೋಡಿದೆ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೂ ಕೇಳಿ.

ಭಾವನವರೇ, ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ. ತಲೆಬುರುಡೆ ಒಡೆಯದಂತೆ ಕಾಯುವುದು ಹೆಲ್ಮೆಟ್‌ನ ಕೆಲಸ, ಅದನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಮಿದುಳು ಬುರುಡೆಗೆ ಅಂಟಿಕೊಂಡಿಲ್ಲ, ದ್ರವದ ನಡುವೆ ಇದೆ. ರಭಸದಿಂದ ಓಡಿಬಂದ ದೇಹ ಡಿಕ್ಕಿಯಿಂದ ತಟ್ಟನೆ ನಿಂತಾಗ, ಒಣಗಿದ ತೆಂಗಿನಕಾಯಿಯನ್ನು ಅಲುಗಿಸಿದರೆ ಒಳಗಿನ ಕೊಬ್ಬರಿ ಗಿಟುಕು ಚಿಪ್ಪಿಗೆ ಬಡಿಯುವ ಹಾಗೆ ಮಿದುಳು ಒಳಗೇ ಓಲಾಡುತ್ತದೆ. ತಲೆ ಪಕ್ಕಕ್ಕೆ ತಿರುಚಿಕೊಂಡರಂತೂ ಸೂಕ್ಷ್ಮ ನರತಂತುಗಳು ಜಗ್ಗಿ ಹಾನಿಗೊಳ್ಳುತ್ತವೆ. ಹೊರಗಿನ ಹೆಲ್ಮೆಟ್ ಎಷ್ಟೇ ಗಟ್ಟಿಯಿದ್ದರೂ ಒಳಗಿನ ಈ ಚಲನೆಯನ್ನು ನಿಲ್ಲಿಸಲಾರದು.

ಇದರ ಪರಿಣಾಮ ಏನೆಂಬುದು ಜನರಿಗೆ ಸ್ಪಷ್ಟವಾದದ್ದು ಮೈಕ್ ವೆಬ್‌ಸ್ಟರ್ ಅವರ ಸಾವಿನ ನಂತರ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡದೊಂದಿಗೆ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ನಾಲ್ಕು ಬಾರಿ ಗೆದ್ದ ಆ ಮನುಷ್ಯ ನಿವೃತ್ತಿಯಾದ ಮೇಲೆ ನೆನಪಿನ ಶಕ್ತಿ ಕಳೆದುಕೊಂಡು, ಸಂಸಾರದಿಂದ ದೂರವಾಗಿ, ಕೆಲವು ಕಾಲ ತನ್ನ ಪಿಕಪ್ ಟ್ರಕ್‌ನಲ್ಲೇ ಮಲಗುತ್ತ ಬದುಕಿ, 2002ರಲ್ಲಿ 50ನೆಯ ವಯಸ್ಸಿಗೇ ತೀರಿಕೊಂಡರು. ಅವರ ಮಿದುಳನ್ನು ಪರೀಕ್ಷಿಸಿದವರು ನೈಜೀರಿಯಾದಿಂದ ಬಂದ ಡಾ. ಬೆನೆಟ್ ಒಮಾಲು. ಹೊರನೋಟಕ್ಕೆ ಆ ಮಿದುಳು ಸಹಜವಾಗಿಯೇ ಇತ್ತು. ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಟೌ ಎಂಬ ಪ್ರೋಟೀನು ಗಂಟುಗಟ್ಟಿದ್ದು ಕಂಡಿತು. ತಲೆಗೆ ಪದೇಪದೇ ಪೆಟ್ಟು ಬಿದ್ದು ಮಿದುಳು ಕ್ರಮೇಣ ಹಾಳಾಗುವ ಈ ಕಾಯಿಲೆಗೆ ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ, ಚಿಕ್ಕದಾಗಿ ಸಿಟಿಇ ಎನ್ನುತ್ತಾರೆ. 2005ರಲ್ಲಿ ಒಮಾಲು ಅದನ್ನು ಪ್ರಕಟಿಸಿದಾಗ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಸಮಿತಿಯ ವೈದ್ಯರು ಆ ಲೇಖನವನ್ನೇ ಹಿಂತೆಗೆದುಕೊಳ್ಳಬೇಕೆಂದು ಒತ್ತಾಯಿಸಿದರು. ಲೀಗಿನ ಹಿರಿಯ ಅಧಿಕಾರಿಯೊಬ್ಬರು ಈ ಆಟಕ್ಕೂ ಸಿಟಿಇಗೂ ಸಂಬಂಧವಿದೆ ಎಂದು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡದ್ದು 2016ರಲ್ಲಿ. ಅಷ್ಟು ವರ್ಷಗಳ ಕಾಲ ತಾಯಿತಂದೆಯರಿಗೆ ಸತ್ಯ ತಿಳಿಯದಂತಾಯಿತಲ್ಲ ಎಂಬುದು ನನಗೆ ಇಂದಿಗೂ ಸಂಕಟ ಕೊಡುವ ಸಂಗತಿ.

ಬಾಸ್ಟನ್ ವಿಶ್ವವಿದ್ಯಾಲಯದ ಡಾ. ಆನ್ ಮಕೀ ಅವರ ತಂಡ 2017ರಲ್ಲಿ, ಎನ್‌ಎಫ್‌ಎಲ್‌ನಲ್ಲಿ ಆಡಿದ್ದ 111 ಮಂದಿಯ ಮಿದುಳುಗಳಲ್ಲಿ 110ರಲ್ಲಿ ಸಿಟಿಇ ಇತ್ತೆಂದು ವರದಿ ಮಾಡಿತು. ಈ ಅಂಕಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ಲಕ್ಷಣಗಳನ್ನು ಕಂಡು ಕಳವಳಗೊಂಡ ಕುಟುಂಬಗಳೇ ಹೆಚ್ಚಾಗಿ ಮಿದುಳನ್ನು ದಾನ ಮಾಡುವುದರಿಂದ, ಆಡಿದವರೆಲ್ಲರಿಗೂ ಇದೇ ಗತಿ ಎಂದು ಅರ್ಥವಲ್ಲ. ಬದುಕಿರುವಾಗ ಸಿಟಿಇಯನ್ನು ಖಚಿತವಾಗಿ ಪತ್ತೆಹಚ್ಚುವ ಪರೀಕ್ಷೆ ಇನ್ನೂ ಬಂದಿಲ್ಲ.

ತಂಗಿ, ನೀನು ಮುಖ್ಯವಾಗಿ ಗಮನಿಸಬೇಕಾದದ್ದು ಇದು. ಪ್ರಜ್ಞೆ ತಪ್ಪಿ ಬೀಳುವಂಥ ದೊಡ್ಡ ಪೆಟ್ಟಿಗೆ ಎಲ್ಲರೂ ಹೆದರುತ್ತಾರೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಆದರೆ 2023ರಲ್ಲಿ 631 ಆಟಗಾರರ ಮಿದುಳುಗಳನ್ನು ಆಧರಿಸಿ ಪ್ರಕಟವಾದ ಅಧ್ಯಯನದಲ್ಲಿ ಕನ್ಕಷನ್‌ಗಳ, ಅಂದರೆ ಪೆಟ್ಟಿನಿಂದ ಮಿದುಳು ಅಲುಗಿ ತಲೆಸುತ್ತು, ಗೊಂದಲದಂಥ ಲಕ್ಷಣ ಕಾಣಿಸುವ ಗಾಯಗಳ ಸಂಖ್ಯೆಗಿಂತ, ವರ್ಷಾನುಗಟ್ಟಲೆ ತಲೆಗೆ ಬಿದ್ದ ಪೆಟ್ಟುಗಳ ಒಟ್ಟು ಬಲವೇ ಸಿಟಿಇಯ ಸಾಧ್ಯತೆಯನ್ನು ಹೆಚ್ಚು ಸರಿಯಾಗಿ ಸೂಚಿಸಿತು. ಆಟಗಾರ ಎದ್ದು ನಿಂತು ನಗುತ್ತ ಮತ್ತೆ ಸಾಲಿಗೆ ಸೇರಿಕೊಳ್ಳುವ, ಯಾರೂ ಲೆಕ್ಕವಿಡದ, ಅಭ್ಯಾಸದ ದಿನವೂ ಬೀಳುವ ಸಣ್ಣ ಪೆಟ್ಟುಗಳೂ ಕೂಡಿಕೊಳ್ಳುತ್ತ ಹೋಗುತ್ತವೆ. ಬಾಸ್ಟನ್ ವಿಶ್ವವಿದ್ಯಾಲಯದವರ 2019ರ ಅಧ್ಯಯನ, ಆಡಿದ ಪ್ರತಿ ಹೆಚ್ಚುವರಿ ವರ್ಷಕ್ಕೆ ಸಿಟಿಇಯ ಸಂಭವ ಸುಮಾರು ಶೇ. 30ರಷ್ಟು ಏರುತ್ತದೆ ಎಂದಿತ್ತು. ನಮ್ಮವನೇನು ವೃತ್ತಿಪರನಾಗುವುದಿಲ್ಲವಲ್ಲ ಎಂದೂ ಸಮಾಧಾನಪಟ್ಟುಕೊಳ್ಳುವಂತಿಲ್ಲ: ತಲೆಗೆ ಪೆಟ್ಟು ಬೀಳುವ ಆಟಗಳನ್ನಾಡಿ 30 ತುಂಬುವ ಮೊದಲೇ ತೀರಿಕೊಂಡ 152 ಮಂದಿಯ ಮಿದುಳುಗಳಲ್ಲಿ 63ರಲ್ಲಿ ಸಿಟಿಇ ಕಂಡಿತ್ತು, ಆ 63 ಮಂದಿಯಲ್ಲಿ ಹೆಚ್ಚಿನವರು ಹವ್ಯಾಸಿಗಳು. ಇವೂ ದಾನವಾಗಿ ಬಂದ ಮಿದುಳುಗಳೇ, ನಾನು ಮೊದಲು ಹೇಳಿದ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ. ಆದರೂ ಆ ವಯಸ್ಸನ್ನು ನೆನೆದರೆ ಮನಸ್ಸು ತಡೆಯುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ: ಟ್ಯಾಕಲ್ ಫುಟ್‌ಬಾಲ್‌ಗೆ, ಅಂದರೆ ಎದುರಾಳಿಯನ್ನು ಮೈಯಿಂದ ಡಿಕ್ಕಿ ಹೊಡೆದು ಕೆಡವುವ ಈ ಆಟಕ್ಕೆ, ಸಹಿ ಹಾಕಬೇಡಿ. ಹಾಗೆಂದು ಅವನನ್ನು ಮನೆಯಲ್ಲಿ ಕೂರಿಸಬೇಕೆಂದು ನಾನು ಹೇಳುತ್ತಿಲ್ಲ. ಗೆಳೆಯರ ಬಳಗ, ತಂಡದ ಜರ್ಸಿ, ಶುಕ್ರವಾರ ರಾತ್ರಿಯ ಪಂದ್ಯದ ಸಂಭ್ರಮ, ಇವೆಲ್ಲ ಆ ವಯಸ್ಸಿಗೆ ಎಷ್ಟು ದೊಡ್ಡವು ಎಂಬುದು ನನಗೂ ಗೊತ್ತು. ಸೊಂಟದ ಪಟ್ಟಿ ಕಿತ್ತು ಎದುರಾಳಿಯನ್ನು ತಡೆಯುವ ಫ್ಲ್ಯಾಗ್ ಫುಟ್‌ಬಾಲ್‌ನಲ್ಲಿ ಅದೇ ಓಟ, ಅದೇ ಎಸೆತ, ಅದೇ ತಂತ್ರಗಾರಿಕೆ ಇದೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಅದನ್ನು ಸೇರಿಸಿದ್ದಾರೆ.

ನೀವಿಬ್ಬರೂ ಯೋಚಿಸಿ ಕೊನೆಗೆ ಒಪ್ಪುವುದೇ ಆದರೆ, ಸಹಿಗೆ ಮುನ್ನ ಕೋಚ್ ಅವರನ್ನು ಭೇಟಿಯಾಗಿ ಹೆಲ್ಮೆಟ್‌ನ ಬ್ರ್ಯಾಂಡ್ ಕೇಳುವ ಬದಲು, ವಾರದಲ್ಲಿ ಎಷ್ಟು ದಿನ ಮೈಗೆ ಮೈ ತಾಗಿಸುವ ಅಭ್ಯಾಸ ಇರುತ್ತದೆ, ಅಭ್ಯಾಸದ ವೇಳೆಯೂ ಮೈದಾನದಲ್ಲಿ ಅಥ್ಲೆಟಿಕ್ ಟ್ರೇನರ್ (ಆಟಗಾರರ ಗಾಯಗಳನ್ನು ನೋಡಿಕೊಳ್ಳುವ ತರಬೇತಾದ ಸಿಬ್ಬಂದಿ) ಇರುತ್ತಾರೆಯೇ ಎಂದು ಕೇಳಿ. ಕನ್ಕಷನ್ ಶಂಕೆಯಿದ್ದ ಹುಡುಗನನ್ನು ಆಟದಿಂದ ಹೊರಗಿರಿಸಬೇಕು, ವೈದ್ಯಕೀಯ ಅನುಮತಿಯಿಲ್ಲದೆ ಮತ್ತೆ ಇಳಿಸಕೂಡದು ಎಂಬ ನಿಯಮ 2009ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಆರಂಭವಾಗಿ ಈಗ ಎಲ್ಲ ರಾಜ್ಯಗಳಲ್ಲೂ ಇದೆ. ಆದರೆ ತಲೆನೋವು ಬಂದರೆ ತಂಡದಿಂದ ಕೈಬಿಡುತ್ತಾರೆಂದು ಮಕ್ಕಳು ಮುಚ್ಚಿಡುತ್ತಾರೆ, ಅಲ್ಲಿ ಕಾನೂನು ಏನೂ ಮಾಡಲಾರದು. ಭಾನುವಾರ ಅವನಿಗೆ ಫೋನ್ ಕೊಡು, ತಂಗಿ. ಬೇಡ ಎಂಬ ಮಾತನ್ನು ನಾನೇ ಹೇಳುತ್ತೇನೆ, ಅವನ ಕೋಪ ನನ್ನ ಮೇಲೆಯೇ ಇರಲಿ.