ಮಕ್ಕಳಿಗೆ ಮ್ಯೂಸಿಯಂನಲ್ಲಿ ಮಧ್ಯಯುಗ ತೋರಿಸೋದು ಹೇಗೆ?

ಪ್ರಶ್ನೆ: ಈ ಭಾನುವಾರ ಮಕ್ಕಳನ್ನ ಮ್ಯೂಸಿಯಂಗೆ ಕರ್ಕೊಂಡು ಹೋಗ್ತಿದೀವಿ, ಯುರೋಪಿನ ಮಧ್ಯಯುಗದ ಗ್ಯಾಲರಿ ಇದೆ. ಮಗಳಿಗೆ ಒಂಬತ್ತು, ಮಗನಿಗೆ ಐದು. ಬೋರ್ ಆಗದ ಹಾಗೆ ಏನ್ ತೋರಿಸ್ಲಿ, ಮನೆಗೆ ಬಂದ್ಮೇಲೆ ಏನ್ ಮಾಡಿಸ್ಬೋದು?

ಉತ್ತರ 1: ಎಲ್ಲಾ ನೋಡೋಕೆ ಹೋಗ್ಬೇಡಿ, ಸುಸ್ತಾಗ್ತಾರೆ. ಕೈಬರಹದ ಪುಸ್ತಕ ಇದ್ರೆ ಅಲ್ಲೇ ನಿಂತ್ಕೊಳ್ಳಿ. ಅದು ಹೆಚ್ಚಾಗಿ ಪೇಪರ್ ಅಲ್ಲ, ಕರು ಕುರಿ ಚರ್ಮನ ಸುಣ್ಣದ ನೀರಲ್ಲಿ ನೆನೆಸಿ, ಬಿಗಿಯಾಗಿ ಎಳೆದು ಒಣಗಿಸಿದ್ದು, ಅದರ ಮೇಲೆ ಚಿನ್ನದ ರೇಕು ಅಂಟಿಸಿ ನಯವಾದ ಕಲ್ಲಲ್ಲೋ ನಾಯಿ ಹಲ್ಲಲ್ಲೋ ಉಜ್ಜಿ ಹೊಳಪು ತರ್ತಿದ್ರು. 13–14ನೇ ಶತಮಾನದ ಕೆಲವು ಪುಸ್ತಕಗಳ ಅಂಚಲ್ಲಿ ಬಸವನಹುಳು ಜೊತೆ ಕಾದಾಡೋ ಸೈನಿಕ ಇರ್ತಾನೆ, ಹುಡುಕೋಕೆ ಹೇಳಿ! ಮನೇಲಿ ಹೆಸರಿನ ಮೊದಲ ಅಕ್ಷರ ದೊಡ್ಡದಾಗಿ ಬರೆಸಿ, ಒಳಗೆ ಬಳ್ಳಿ, ಹಕ್ಕಿ ತುಂಬಿಸ್ಲಿ.

ಉತ್ತರ 2: ಐದು ವರ್ಷದೋನಿಗೆ ಕವಚನೇ ಇಷ್ಟ ಆಗೋದು. ಪೂರ್ತಿ ಲೋಹದ ಕವಚ ಸುಮಾರು 15ರಿಂದ 25 ಕೆಜಿ, ಆದ್ರೆ ತೂಕ ಮೈತುಂಬಾ ಹಂಚಿರೋದ್ರಿಂದ ಓಡೋಕೂ ಆಗ್ತಿತ್ತು. ಮೊಣಕೈ ಹತ್ರ ತಗಡು ಹೇಗೆ ಮಡಚುತ್ತೆ ತೋರಿಸಿ. ಆಮೇಲೆ ರಟ್ಟಲ್ಲಿ ಗುರಾಣಿ ಮಾಡ್ಸಿ, ಚಿಹ್ನೆ ಅವನೇ ಆರಿಸ್ಲಿ.

ಉತ್ತರ 3: ಸ್ಕೆಚ್ ಬುಕ್, ಪೆನ್ಸಿಲ್ ತಗೊಂಡು ಹೋಗಿ, ಪೆನ್ನು ಬಹಳ ಕಡೆ ಬಿಡಲ್ಲ.