ಊರಲ್ಲಿ ಶುಗರ್ ಇರೋರಿಗೆ ಆರೈಕೆ ಸರಿಯಾಗಿ ಸಿಗ್ತಿದ್ಯಾ ಅಂತ ಹೇಗೆ ಅಳೆಯೋದು?

ಆಲೂರು_ಹುಡುಗ:
ನಮಸ್ಕಾರ ಎಲ್ರಿಗೂ. ನಮ್ದು ಆಲೂರು ತಾಲೂಕು, ಡೈರಿ ಹತ್ರ ಸೇರೋ ನಾವೊಂದಷ್ಟು ಹುಡುಗ್ರು ಎರಡು ವರ್ಷದಿಂದ ಮೂರು ತಿಂಗಳಿಗೊಂದ್ಸಲ ಶುಗರ್ ಕ್ಯಾಂಪ್ ಮಾಡಿಸ್ತಿದೀವಿ, ಬೆರಳು ಚುಚ್ಚಿ ಬಂದಿದ್ದನ್ನ ಪುಸ್ತಕದಲ್ಲಿ ಬರ್ಕೊಳ್ತೀವಿ, ಪ್ರತಿ ಸಲ ಜನ ಜಾಸ್ತಿ ಬರ್ತಿದಾರೆ ಅಂತ ಖುಷಿ ಇತ್ತು. ಹೋದ ತಿಂಗಳು ನಮ್ಮ ದೊಡ್ಡಪ್ಪಂಗೆ ಕಾಲಲ್ಲಿ ಗಾಯ ಆಗಿ ಬೆರಳೇ ತೆಗೀಬೇಕಾಯ್ತು. ಪುಸ್ತಕ ತೆಗ್ದು ನೋಡಿದ್ರೆ ಅವ್ರ ಹೆಸ್ರು ನಾಲ್ಕು ಕಡೆ ಇದೆ, ನಾಲ್ಕು ಸಲನೂ ಶುಗರ್ ಎಷ್ಟು ಅಂತ ಬರ್ದಿದೀವಿ, ಒಂದ್ಸಲನೂ ಚಪ್ಪಲಿ ಬಿಚ್ಚಿಸಿ ಪಾದ ನೋಡಿಲ್ಲ. ಅದು ಮನಸ್ಸಿಂದ ಹೋಗ್ತಾನೇ ಇಲ್ಲ. ಇನ್ಮೇಲೆ ಏನೇನು ಬರ್ಕೋಬೇಕು ಹೇಳಿ.

ಬೇಲೂರು_ಸಿಸ್ಟರ್:
ದೊಡ್ಡಪ್ಪ ಬೇಗ ಹುಷಾರಾಗ್ಲಿ ತಮ್ಮಾ. ನಾನು ನರ್ಸ್, ದಿನಾ ಶುಗರ್ ಬಿಪಿ ಪೇಷಂಟ್‌ಗಳನ್ನೇ ನೋಡೋದು. ಬೆರಳು ಚುಚ್ಚಿದ್ರೆ ಆ ಹೊತ್ತಿನ ಶುಗರ್ ಅಷ್ಟೇ ಗೊತ್ತಾಗತ್ತೆ. ಎರಡು ಮೂರು ತಿಂಗಳ ಸರಾಸರಿ ಬೇಕು ಅಂದ್ರೆ ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆ ಮಾಡಿಸ್ಬೇಕು, ಸುಮಾರು ಜನಕ್ಕೆ 7%ರ ಒಳಗಿರ್ಲಿ ಅಂತಾರೆ, ತೀರಾ ವಯಸ್ಸಾದೋರಿಗೆ 8%ರ ತನಕ ಬಿಡ್ತಾರೆ. ಅದ್ರ ಜೊತೆ ಬಿಪಿ, ವರ್ಷಕ್ಕೊಂದ್ಸಲ ಡ್ರಾಪ್ಸ್ ಹಾಕಿ ಕಣ್ಣಿನ ಒಳಪರದೆ ಪರೀಕ್ಷೆ, ಕಿಡ್ನಿ ಸರಿಯಾಗಿದ್ಯಾ ಅಂತ ನೋಡಕ್ಕೆ ಮೂತ್ರದಲ್ಲಿ ಅಲ್ಬುಮಿನ್ ಅನ್ನೋ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ ಅನ್ನೋ ಕಲ್ಮಶ ಎಷ್ಟಿದೆ ಅಂತ ಪರೀಕ್ಷೆ. ಪಾದಕ್ಕೆ ಮಾನೋಫಿಲಮೆಂಟ್ ಅಂತ ಒಂದು ನೈಲಾನ್ ಎಳೆ ಬರತ್ತೆ, ಒತ್ತಿದ್ರೆ 10 ಗ್ರಾಂ ಒತ್ತಡಕ್ಕೆ ಬಾಗತ್ತೆ, ಪೇಷಂಟ್ ಕಣ್ಣು ಮುಚ್ಚಿಸಿ ಪಾದಕ್ಕೆ ಮುಟ್ಟಿಸೋದು, ಗೊತ್ತಾಗ್ಲಿಲ್ಲ ಅಂದ್ರೆ ಸ್ಪರ್ಶ ಹೋಗಿದೆ ಅಂತ, ಅಂಥೋರಿಗೆ ಮುಳ್ಳು ಚುಚ್ಚಿದ್ರೂ ತಿಳಿಯಲ್ಲ, ಗದ್ದೇಲಿ ಬರಿಗಾಲಲ್ಲಿ ಓಡಾಡೋರು ಬೇರೆ.

ಮೂಡಿಗೆರೆ_ಕಾಫಿ:
ಸಿಸ್ಟರ್ ಹೇಳಿದ್ದು ಸರಿ, ಆದ್ರೆ ಇನ್ನೊಂದಿದೆ. ನೀವು ಲೆಕ್ಕ ಹಾಕ್ತಿರೋದು ಕ್ಯಾಂಪಿಗೆ ಬಂದೋರನ್ನ. ಬರದೇ ಇರೋರು ಯಾವ ಲೆಕ್ಕಕ್ಕೆ ಹೋದ್ರು? ನಮ್ಮ ಕಡೆ ಡಿಸೆಂಬರ್ ಜನವರಿಲಿ ಕಾಫಿ ಕುಯ್ಲು, ಲೈನ್ ಮನೆಯೋರು, ಅಂದ್ರೆ ತೋಟದ ಕೂಲಿಯೋರು, ಕೆಲಸ ಬಿಟ್ಟು ಬರಕ್ಕಾಗಲ್ಲ, ಆಗ ಕ್ಯಾಂಪ್ ಇಟ್ರೆ ತುಂಬಾ ಕಷ್ಟದಲ್ಲಿರೋರೇ ಪುಸ್ತಕದಿಂದ ಬಿಟ್ಟೋಗ್ತಾರೆ, ಉಳಿದೋರ ಸರಾಸರಿ ಚೆನ್ನಾಗಿ ಕಾಣತ್ತೆ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2022ರಲ್ಲಿ ಒಂದು ಗುರಿ ಇಟ್ಟಿದೆ, 2030ರೊಳಗೆ ಶುಗರ್ ಇರೋ 80% ಜನಕ್ಕೆ ಕಾಯಿಲೆ ಪತ್ತೆ ಆಗಿರ್ಬೇಕು, ಪತ್ತೆಯಾದೋರಲ್ಲಿ 80% ಜನಕ್ಕೆ ಶುಗರ್ ಹತೋಟೀಲಿರ್ಬೇಕು, ಬಿಪಿಗೂ ಅಷ್ಟೇ. ಅಂದ್ರೆ ಶುಗರ್ ಇರೋ ನೂರು ಜನರಲ್ಲಿ 64 ಜನಕ್ಕೆ ಹತೋಟಿ. ಹಂಗಾಗಿ ನಿಮ್ಮೂರಲ್ಲಿ ಆ ನೂರು ಜನ ಯಾರು ಅಂತ ಮೊದ್ಲು ಗೊತ್ತಿರ್ಬೇಕು. ಸರ್ಕಾರದ ತಪಾಸಣೆ 30 ವರ್ಷ ದಾಟಿದ ಎಲ್ರಿಗೂ ಇದೆ, ನಿಮ್ಮೂರ ಆಶಾ ಅಕ್ಕನ ಜೊತೆ ಕೂತು ಮನೆಮನೆ ಪಟ್ಟಿ ಮಾಡಿ. ಮಾತ್ರೆ ನಿಲ್ಲಿಸಿದೋರು ಯಾಕೆ ನಿಲ್ಲಿಸಿದ್ರು ಅಂತಾನೂ ಬರೀರಿ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ಸತ್ತೆ.

ಬೇಲೂರು_ಸಿಸ್ಟರ್:
ಮರ್ತಿದ್ದೆ, ರಕ್ತ ಕಮ್ಮಿ ಇರೋ ಹೆಣ್ಮಕ್ಕಳಿಗೆ ಎಚ್‌ಬಿಎ1ಸಿ ಒಂದನ್ನೇ ನಂಬ್ಬೇಡಿ. ಕಬ್ಬಿಣಾಂಶ ಕಮ್ಮಿ ಇದ್ರೆ ಇರೋದಕ್ಕಿಂತ ಜಾಸ್ತಿ ತೋರಿಸ್ಬಹುದು, ಹಿಮೋಗ್ಲೋಬಿನ್ನೂ ನೋಡ್ಸಿ.

ಆಲೂರು_ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕ, ಅಣ್ಣ. ಹಿಂದಿನ ಎರಡು ಕ್ಯಾಂಪಿಗೆ ಬರದೇ ಇರೋರ ಮನೆಗೆ ಭಾನುವಾರ ಆಶಾ ಅಕ್ಕನ ಜೊತೆ ಹೋಗ್ತೀವಿ. ದೊಡ್ಡಪ್ಪನ ಇನ್ನೊಂದು ಪಾದ ಇವತ್ತು ನಾನೇ ನೋಡ್ದೆ, ಹಿಮ್ಮಡೀಲಿ ಆಳವಾದ ಬಿರುಕಿದೆ, ನೋವೇ ಇಲ್ಲ ಅಂದ್ರು. ನಾಳೆ ಬೆಳಿಗ್ಗೆನೇ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ತಿದೀನಿ.