ಹೆಬ್ಬೆಟ್ಟಿನ ಕಾಲ

ಸುಬ್ಬು ಹಲ್ಲು ಕೀಳಿಸಿಕೊಂಡಿದ್ದ. ಅದೂ ಒಂದು ಸುದ್ದಿಯಾ ಅನ್ನಬೇಡಿ, ಅವನ ಪಾಲಿಗೆ ಸುದ್ದಿಯೇ. ರಾತ್ರಿ ಹನ್ನೊಂದಕ್ಕೆ ನಮ್ಮ ವಾಟ್ಸಾಪ್ ಗ್ರೂಪಿಗೆ ಹದಿನೆಂಟು ಸಾಲಿನ ವರದಿ ಹಾಕಿದ. ಚುಚ್ಚುಮದ್ದು ಎಲ್ಲಿ ಕೊಟ್ಟರು, ನಾಲಿಗೆ ಹೇಗೆ ಜೋಮು ಹಿಡಿಯಿತು, ಹಲ್ಲು ಹೇಗೆ ಮೂರು ತುಂಡಾಗಿ ಬಂತು, ಎಲ್ಲಾ ಇತ್ತು. ಕೊನೇ ಸಾಲು: 'ಆ ಕ್ಷಣಕ್ಕೆ ಅಮ್ಮ ನೆನಪಾದಳು.'

ಅದಕ್ಕೆ ಶೀನನ ಉತ್ತರ, ಒಂದು ಹೆಬ್ಬೆಟ್ಟು. ಮೇಲೆತ್ತಿದ, ಹಳದಿ ಬಣ್ಣದ, ದುಂಡನೆಯ ಹೆಬ್ಬೆಟ್ಟು.

ಮರುದಿನ ಸಂಜೆ ನಾಲ್ವರೂ ಸೇರಿದಾಗ ಸುಬ್ಬುವಿನ ಎಡಗೆನ್ನೆ ಹಲ್ಲಿಗೆ ಊದಿತ್ತು, ಬಲಗೆನ್ನೆ ಸಿಟ್ಟಿಗೆ.

"ಹಲ್ಲು ಹೋಯ್ತು ಅಂದರೆ ಹೆಬ್ಬೆಟ್ಟು ತೋರಿಸ್ತೀಯಲ್ಲೋ! ನಾಳೆ ನಾನೇ ಹೋದರೆ ಏನು ತೋರಿಸ್ತೀಯ?"

"ನೋಡಿದೆ ಅಂತ ಅರ್ಥ ಕಣೋ," ಎಂದ ಶೀನ. "ಓದಿದೆ ಅಂತಲೂ ಅಲ್ಲ, ನೋಡಿದೆ ಅಂತ ಅಷ್ಟೇ."

"ಶೀನ, ಹಾಗೆಲ್ಲ ಕೋರ್ಟಿನಲ್ಲಿ ಹೇಳಬೇಡ, ಸೋಲ್ತೀಯ," ಎಂದರು ಪದ್ಮಕ್ಕ. ಪದ್ಮಕ್ಕ ಕಾನೂನು ಓದಿದವರು, ಕೋರ್ಟಿಗೆ ಹೋದವರಲ್ಲ. ಹಾಗಾಗಿ ಅವರ ವಾದವೆಲ್ಲ ನಮ್ಮ ಮೇಲೇ ಖರ್ಚಾಗುತ್ತದೆ. "ಕೆನಡಾದಲ್ಲಿ ಒಬ್ಬ ರೈತನಿಗೆ ಹೀಗೇ ಆಯ್ತು. ಧಾನ್ಯದ ಕಂಪನಿಯವರು 2021ರಲ್ಲಿ ಅಗಸೆ ಬೀಜದ ಒಪ್ಪಂದದ ಫೋಟೋ ಕಳಿಸಿ, ಖಚಿತ ಮಾಡಿ ಅಂದರು. ಅವನು ಒಂದು ಹೆಬ್ಬೆಟ್ಟು ಒತ್ತಿದ. ಆಮೇಲೆ ಬೀಜ ಕೊಡಲಿಲ್ಲ. 'ಫೋಟೋ ಬಂತು ಅಂತ ಒತ್ತಿದ್ದು, ಒಪ್ಪಿದೆ ಅಂತಲ್ಲ' ಅಂತ ವಾದ ಮಾಡಿದ. 2023ರಲ್ಲಿ ನ್ಯಾಯಾಧೀಶರು, ಇದು ಸಹಿಗೆ ಸಮ ಅಂದುಬಿಟ್ಟರು. 82 ಸಾವಿರ ಕೆನಡಾ ಡಾಲರಿಗೂ ಜಾಸ್ತಿ ಕಟ್ಟಬೇಕಾಯ್ತು."

ಶೀನ ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡ.

"ಅದರಲ್ಲೇನು ಹೊಸದು?" ಎಂದ ಸುಬ್ಬು. "ನಮ್ಮ ಅಜ್ಜ ಹೆಬ್ಬೆಟ್ಟು ಒತ್ತಿದರೆ ಅದೇ ಸಹಿ. ಓದು ಬರಹ ಬರಲಿಲ್ಲ ಅಂತ ಒತ್ತುತ್ತಿದ್ದರು. ನೀನು ಎಂ.ಎ. ಮಾಡಿಕೊಂಡು ಒತ್ತುತ್ತೀಯ. ಅಜ್ಜನಿಗೆ ಮಸಿಯಾದರೂ ಅಂಟುತ್ತಿತ್ತು."

ಮಾತು ಹಲ್ಲಿನಿಂದ ಬೇಗ ದೂರ ಹೋಗಲಿ ಅಂತ ನನಗೆ ಆಸೆ. ಕಾರಣ ಆಮೇಲೆ ಹೇಳುತ್ತೇನೆ. ಸುಮ್ನೆ ಇತಿಹಾಸ ತೆಗೆದೆ. 1982ರಲ್ಲಿ ಸ್ಕಾಟ್ ಫಾಲ್ಮನ್ ಅನ್ನುವ ಕಂಪ್ಯೂಟರ್ ವಿಜ್ಞಾನಿ, ಯಾವುದು ತಮಾಷೆ ಯಾವುದು ಗಂಭೀರ ಅಂತ ತಿಳಿಯದೆ ಜನ ಜಗಳ ಆಡುತ್ತಿದ್ದುದನ್ನು ನೋಡಿ, ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಕಂಸ ಸೇರಿಸಿ ಮಲಗಿಸಿದ ನಗುಮುಖ ಮಾಡಿದ. 1999ರಲ್ಲಿ ಜಪಾನಿನ ಶಿಗೆತಕ ಕುರಿತ ಅನ್ನುವವರು ಫೋನಿಗೆಂದು 176 ಪುಟಾಣಿ ಚಿತ್ರ ರೂಪಿಸಿದರು. ಒಂದೊಂದೂ ಅಡ್ಡಕ್ಕೆ 12, ಉದ್ದಕ್ಕೆ 12 ಚುಕ್ಕೆ. 2015ಕ್ಕೆ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದ ಅಂತ ಆರಿಸಿದ್ದು ನಕ್ಕೂ ನಕ್ಕೂ ಕಣ್ಣೀರು ಸುರಿಸುವ ಮುಖವನ್ನು.

"ಪದವೇ ಅಲ್ಲದ್ದು ವರ್ಷದ ಪದವಾ? ಬರೆಯೋಕೆ ಸೋಮಾರಿತನ, ಅಷ್ಟೇ!" ಪದ್ಮಕ್ಕನಿಗೆ ನಿಘಂಟಿನ ಮೇಲಿದ್ದ ಕೊನೆಯ ನಂಬಿಕೆಯೂ ಹೋಯಿತು.

"ಸೋಮಾರಿತನ ಅಲ್ಲ ಪದ್ಮಕ್ಕ, ಜಾಗ ಇರಲಿಲ್ಲ," ಎಂದ ಶೀನ. "ಹಿಂದೆ ತಂತಿ ಕಳಿಸುವಾಗ ಪದ ಎಣಿಸಿ ದುಡ್ಡು ಕೊಡಬೇಕಿತ್ತು. ಸುಬ್ಬುವಿನ ಈ ವರದಿ ಆಗ 'ಹಲ್ಲು ಹೋಯಿತು, ಬಾಯಿ ಉಳಿಯಿತು' ಅಂತ ನಾಲ್ಕೇ ಪದದಲ್ಲಿ ಮುಗೀತಿತ್ತು."

ಇದು ನಿಜ ಅಂತ ನನಗೂ ಅನಿಸುತ್ತದೆ. ನಾವು ಚುಟುಕಾಗಿ ಮಾತಾಡುತ್ತೇವೆ ಅಂದರೆ ಎಲ್ಲೋ ಯಾರೋ ಡಬ್ಬಿಯ ಅಳತೆ ಗೊತ್ತುಮಾಡಿದ್ದಾರೆ. ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಅಂತ ಲೆಕ್ಕ ಹಾಕಿದವನು ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್. 1985ರಲ್ಲಿ ಟೈಪ್‌ರೈಟರ್ ಮುಂದೆ ಕೂತು, ತೋಚಿದ್ದನ್ನೆಲ್ಲ ಕುಟ್ಟಿ, ಅಕ್ಷರ ಎಣಿಸಿ, ಇಷ್ಟು ಸಾಕು ಅಂದ. ಆದರೆ ಆ 160 ಇಂಗ್ಲಿಷ್ ಅಕ್ಷರಕ್ಕೆ. ಕನ್ನಡ ಹಾಕಿದರೆ ಅದೇ ಡಬ್ಬಿಗೆ 70 ಮಾತ್ರ. ಅದೂ ನಾವು ಎಣಿಸುವ ಹಾಗಲ್ಲ. 'ಸ್ತ್ರೀ' ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಸ, ಸ್ವರ ತೆಗೆಯುವ ಗುರುತಾದ ವಿರಾಮ, ತ, ಮತ್ತೊಂದು ವಿರಾಮ, ರ, ದೀರ್ಘದ ಗುಣಿತ, ಒಟ್ಟು ಆರು. ಹೀಗೆ ಹತ್ತು ಹನ್ನೆರಡು ಸಲ ಬರೆದರೆ ಡಬ್ಬಿ ಭರ್ತಿ.

"ಆಗಿನ ಫೋನುಗಳಲ್ಲಿ ಕನ್ನಡ ಕಾಣಿಸಬೇಕಲ್ಲ ಮೊದಲು," ಎಂದರು ಪದ್ಮಕ್ಕ. "ಅದಕ್ಕೇ ಅಲ್ವಾ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟೋದು ಕಲಿತಿದ್ದು. ನನ್ನ ತಂಗಿ ಒಮ್ಮೆ ಹಳ್ಳಿ ನೋಡಿ ಬಂದೆ ಅಂತ ಕಳಿಸಿದಳು. ನಾನು ಹಲ್ಲಿ ಅಂತ ಓದಿಕೊಂಡು, ಎಲ್ಲಿ ಬಿತ್ತು, ತಲೆ ಮೇಲಾ ಅಂತ ಕೇಳಿದೆ. ಎರಡು ದಿನ ಮಾತು ಬಿಟ್ಟಿದ್ದಳು."

ಈಗ ಜಾಗಕ್ಕೇನೂ ಬರ ಇಲ್ಲ. ಕನ್ನಡ ಕೀಲಿಮಣೆ ಎಲ್ಲರ ಫೋನಿನಲ್ಲೂ ಇದೆ. ಅಭ್ಯಾಸ ಮಾತ್ರ ಹೋಗಿಲ್ಲ. ಡಬ್ಬಿ ಒಡೆದರೂ ಒಳಗಿದ್ದದ್ದು ಡಬ್ಬಿಯ ಆಕಾರದಲ್ಲೇ ಹೆಪ್ಪುಗಟ್ಟಿ ನಿಂತಿದೆ.

"ಹಾಗಾದರೆ ಫಾರ್ವರ್ಡ್ ಮಾಡುವಾಗ ಮಾತ್ರ ಮಾರುದ್ದ ಯಾಕೆ ಕಳಿಸ್ತೀಯ?" ಸುಬ್ಬು ಬಿಡಲಿಲ್ಲ. "ಮೂರು ದಿನ ಸೂರ್ಯ ಹುಟ್ಟಲ್ಲ ಅಂತ ಕಾಗೆ ಹಾರಿಸಿದ್ದು ನೀನೇ ತಾನೆ?"

ಹೌದು, ಅದು ಶೀನನೇ. ಮರುದಿನ ರಣಬಿಸಿಲಲ್ಲಿ ನಿಂತುಕೊಂಡೇ ಅದನ್ನು ಇನ್ನೊಂದು ಗ್ರೂಪಿಗೂ ಕಳಿಸಿದ್ದ.

ಪದ್ಮಕ್ಕ ಸಾಕ್ಷಿ ಸಮೇತ ಎದ್ದರು. ಅಮೆರಿಕದ ಎಂಐಟಿಯ ಸಂಶೋಧಕರು ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಓಡಾಡಿದ ಸುಮಾರು 1 ಲಕ್ಷ 26 ಸಾವಿರ ಸುದ್ದಿಗಳನ್ನು ಹಿಡಿದು ನೋಡಿ 2018ರಲ್ಲಿ ಪ್ರಕಟಿಸಿದರಂತೆ. ನಿಜಕ್ಕಿಂತ ಸುಳ್ಳನ್ನು ಜನ ಮುಂದಕ್ಕೆ ದಾಟಿಸುವ ಸಾಧ್ಯತೆ ಶೇಕಡಾ 70ರಷ್ಟು ಜಾಸ್ತಿ. ಇದು ಯಂತ್ರದ ಕೆಲಸ ಇರಬಹುದು ಅಂತ ಯಂತ್ರದ ಖಾತೆಗಳನ್ನು ತೆಗೆದು ನೋಡಿದರೂ ಲೆಕ್ಕ ಬದಲಾಗಲಿಲ್ಲ. ಯಂತ್ರಗಳು ನಿಜ ಸುಳ್ಳು ಎರಡನ್ನೂ ಸಮವಾಗಿ ಹಂಚಿದ್ದವು. ಪಕ್ಷಪಾತ ಮಾಡಿದ್ದು ಮನುಷ್ಯರು.

"ಸೂರ್ಯ ಹುಟ್ಟುತ್ತಾನೆ ಅಂತ ಕಳಿಸಿದರೆ ಯಾರು ನೋಡ್ತಾರೆ ಪದ್ಮಕ್ಕ?" ಎಂದ ಶೀನ. ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

"ಅದಕ್ಕೇ ವಾಟ್ಸಾಪಿನವರು 2020ರಲ್ಲಿ, ತುಂಬಾ ಸಲ ಕೈ ಬದಲಾಯಿಸಿದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು ಅಂತ ಮಾಡಿದ್ದು," ಎಂದೆ ನಾನು.

"ಗೊತ್ತು ಮಾರಾಯ. ಅದಕ್ಕೇ ನಾನು ಕಾಪಿ ಮಾಡಿ ಪೇಸ್ಟ್ ಮಾಡೋದು."

ಸುಬ್ಬು ದೊಡ್ಡದಾಗಿ ಉಸಿರು ಬಿಟ್ಟ. "ಇರಲಿ. ಎದುರಿಗೇ ಇದ್ದೀಯಲ್ಲ, ಬಾಯಲ್ಲೇ ಹೇಳ್ತೀನಿ ಕೇಳು. ಆ ಕುರ್ಚಿ ಇತ್ತಲ್ಲ, ಅದನ್ನ ಮೆಲ್ಲಗೆ ಹಿಂದಕ್ಕೆ..."

ಅರ್ಧ ನಿಮಿಷ ಆಗಿತ್ತೋ ಇಲ್ಲವೋ, ಶೀನ ಚಡಪಡಿಸತೊಡಗಿದ. "ಸುಬ್ಬು, ಬೇಜಾರು ಮಾಡ್ಕೋಬೇಡ. ವಾಯ್ಸ್ ಮೆಸೇಜನ್ನೆಲ್ಲ ನಾನು ಎರಡು ಪಟ್ಟು ವೇಗದಲ್ಲಿ ಕೇಳೋದು. ನೀನು ಎದುರಿಗೆ ತುಂಬಾ ನಿಧಾನ ಕಣೋ."

ಪದ್ಮಕ್ಕ ಸುಬ್ಬುವಿನ ಭುಜ ತಟ್ಟಿದರು. "ಬಿಡಪ್ಪ. ಶೀನ ಒಬ್ಬನನ್ನೇ ಯಾಕೆ ಅಂತೀಯ? ನಿನ್ನ ಮೆಸೇಜಿನ ಬಾಲದಲ್ಲೇ ಇನ್ನೊಂದು ಪುಟ್ಟ ಹೆಬ್ಬೆಟ್ಟು ಅಂಟಿಕೊಂಡಿತ್ತಲ್ಲ. ಶೀನನಿಗಿಂತ ಮೊದಲೇ. ಅದು ಯಾರದ್ದು?"

"ಹೌದಾ? ನಾನು ಗಮನಿಸಲೇ ಇಲ್ಲ," ಎನ್ನುತ್ತ ಸುಬ್ಬು ಫೋನು ತೆಗೆದ. "ಅದರ ಮೇಲೆ ಬೆರಳಿಟ್ಟರೆ ಹೆಸರು ಬರುತ್ತೆ, ಅಲ್ವಾ?"

ನಾನು ಅಚ್ಚುಯಂತ್ರದ ಗುಟೆನ್‌ಬರ್ಗ್ ಬಗ್ಗೆ ಮಾತು ಶುರು ಮಾಡಿದೆ.